ಹಳೆಯ ಯಂತ್ರಗರಗಸದ ಕಿಡಿಯೂ ಊರಿನ ಹೊಣೆಯೂ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಒಕ್ಕಲಿಗರ ಮನೆಗಳಲ್ಲಿ ಕೊಡಲಿ ಕುಡುಗೋಲುಗಳ ಜೊತೆಗೆ ಈಗ ಯಂತ್ರಗರಗಸವೂ ಸ್ಥಾನ ಪಡೆದಿದೆ. ಮಾವಿನ ತೋಪಿನ ಒಣಕೊಂಬೆಗಳನ್ನು ಸವರುವುದಕ್ಕೂ, ಮಳೆಗಾಳಿಗೆ ದಾರಿಯ ಮೇಲೆ ಉರುಳಿದ ಮರವನ್ನು ತೆರವು ಮಾಡುವುದಕ್ಕೂ ಇದರಷ್ಟು ಬೇಗ ಕೆಲಸ ತೀರಿಸುವ ಸಾಧನ ಬೇರೊಂದಿಲ್ಲ. ಆದರೆ ವರ್ಷದ ಬಹುಭಾಗ ಮೂಲೆಯಲ್ಲಿದ್ದು, ಕೆಲಸ ಬಿದ್ದ ದಿನ ಹಗ್ಗ ಎಷ್ಟು ಎಳೆದರೂ ಹೊತ್ತಿಕೊಳ್ಳದಿರುವುದು ಹಳೆಯ ಯಂತ್ರಗಳ ಸ್ವಭಾವ. ಆಗ ಅದನ್ನು ಗುಜರಿಗೆ ಹಾಕುವುದು, ಇಲ್ಲವೆ ಸಿಕ್ಕಿದವರ ಕೈಗೆ ಕೊಟ್ಟು ಸುತ್ತಿಗೆಯ ಪೆಟ್ಟು ತಿನ್ನಿಸುವುದು, ಈ ಎರಡೂ ಹಣಕ್ಕೆ ಕೇಡು. ಮೂರನೆಯ ದಾರಿಯೊಂದಿದೆಯೆಂದು ಊರಿನ ಹಿರಿಯರಲ್ಲಿಯೂ ಜಮೀನುದಾರರಲ್ಲಿಯೂ ಅರಿಕೆ ಮಾಡಬಯಸುತ್ತೇವೆ.

ಯಂತ್ರವು ನಡೆಯಲು ಮೂರು ಬೇಕು: ಎಣ್ಣೆ ಬೆರೆಸಿದ ಪೆಟ್ರೋಲು, ಸಿಲಿಂಡರಿನೊಳಗಿನ ಒತ್ತಡ ಮತ್ತು ಸಮಯಕ್ಕೆ ಸರಿಯಾದ ಕಿಡಿ. ಈ ಕಿಡಿಗೆ ಬ್ಯಾಟರಿ ಬೇಕಿಲ್ಲ. ಹಗ್ಗವನ್ನೆಳೆದಾಗ ಅಯಸ್ಕಾಂತವುಳ್ಳ ಗಾಲಿಯು ತಿರುಗಿ, ಕಾಯಿಲಿನ ತಂತಿಯಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಆ ಹರಿವು ತಟ್ಟನೆ ಕಡಿದಾಗ ಎರಡನೆಯ ಸುತ್ತಿನ ತಂತಿಯಲ್ಲಿ ಸಾವಿರಾರು ವೋಲ್ಟಿನ ಒತ್ತಡವೆದ್ದು ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುತ್ತದೆ. ಹಳೆಯ ಮಾದರಿಗಳಲ್ಲಿ ಹರಿವನ್ನು ಕಡಿಯುವ ಕೆಲಸ ಪಾಯಿಂಟುಗಳದು. ಅವು ಸುಟ್ಟುಹೋಗದಂತೆ ಕಾಯುವುದು ಕಂಡೆನ್ಸರು. ಈಚಿನ ಯಂತ್ರಗಳಲ್ಲಿ ಇದೇ ಕೆಲಸವನ್ನು ಕಾಯಿಲಿನೊಳಗೇ ಮುಚ್ಚಿಟ್ಟ ಎಲೆಕ್ಟ್ರಾನಿಕ್ ಭಾಗವು ಮಾಡುತ್ತದೆ.

ದೋಷವನ್ನು ಹುಡುಕುವಾಗ ಅಗ್ಗದ್ದರಿಂದ ಮೊದಲುಮಾಡಿ ದುಬಾರಿಯದರ ಕಡೆಗೆ ಹೋಗತಕ್ಕದ್ದು. ಮೊದಲು ಪ್ಲಗ್ಗನ್ನು ಬಿಚ್ಚಿ ಮಸಿಯನ್ನು ಒರಸಿ, ತುದಿಗಳ ನಡುವಣ ಸಂದನ್ನು ಅಳೆಯಬೇಕು. ಹೆಚ್ಚಿನ ಯಂತ್ರಗಳಿಗೆ ಅದು ಸುಮಾರು ಅರ್ಧ ಮಿಲಿಮೀಟರು. ಬಳಿಕ ಪ್ಲಗ್ಗನ್ನು ಟೋಪಿಗೆ ಸಿಕ್ಕಿಸಿ, ಅದರ ಲೋಹದ ಮೈ ಸಿಲಿಂಡರಿಗೆ ತಾಗುವಂತೆ, ಆದರೆ ಪ್ಲಗ್ಗಿನ ತೂತಿನಿಂದ ದೂರವಾಗಿ ಇರಿಸಿ ಹಗ್ಗ ಎಳೆದು ನೋಡಬೇಕು. ತೂತಿನಿಂದ ಪೆಟ್ರೋಲಿನ ಆವಿ ಹೊರಬರುವುದರಿಂದ ಈ ಎಚ್ಚರಿಕೆ ಅವಶ್ಯ. ನೀಲಿಯ ಕಿಡಿ ಕಂಡರೆ ದೋಷವನ್ನು ಮೊದಲು ಪೆಟ್ರೋಲಿನ ಹಾದಿಯಲ್ಲಿ ಹುಡುಕಬೇಕು. ಕಾಣದಿದ್ದರೆ ಹೊಸ ಪ್ಲಗ್ಗು ಹಾಕಿ ನೋಡಿ, ಆಮೇಲೆ ಪ್ಲಗ್ಗಿನ ತಂತಿ ಬಿರುಕುಬಿಟ್ಟಿದೆಯೋ, ನಿಲ್ಲಿಸುವ ಗುಂಡಿಯ ತಂತಿ ಸವೆದು ಮೈಗೆ ತಾಗುತ್ತಿದೆಯೋ ಎಂಬುದನ್ನು ಪರೀಕ್ಷಿಸಬೇಕು.

ಇಷ್ಟಕ್ಕೂ ಕಿಡಿ ಬಾರದಿದ್ದಲ್ಲಿ ಗಾಲಿಯನ್ನು ತೆಗೆಯಬೇಕಾಗುತ್ತದೆ. ಅದನ್ನು ಪುಲ್ಲರಿನಿಂದಲೇ ಎಳೆಯಬೇಕಲ್ಲದೆ ಸುತ್ತಿಗೆಯಿಂದ ಬಡಿಯಬಾರದು. ಮಲೆನಾಡಿನ ಸೆರಗಿನಲ್ಲಿರುವ ಹಾನಗಲ್ಲಿನಂಥ ಕಡೆ ಮಳೆಗಾಲದ ತೇವಕ್ಕೆ ಪಾಯಿಂಟುಗಳ ಮೇಲೆ ಕಿಲುಬು ಕಟ್ಟುವುದು ಸಹಜ. ನಯವಾದ ಉಜ್ಜುಕಾಗದದಿಂದ ಅದನ್ನು ತೆಗೆದು, ಶುಭ್ರವಾದ ಬಟ್ಟೆಯಿಂದ ಒರಸಿ, ತಯಾರಕರು ಹೇಳಿದ ಸಂದನ್ನು ಇಟ್ಟರೆ ಎಷ್ಟೋ ಯಂತ್ರಗಳು ಜೀವ ತಳೆಯುವವು. ಪಾಯಿಂಟುಗಳು ಮತ್ತೆ ಮತ್ತೆ ಸುಟ್ಟು ಕುಳಿಬಿದ್ದರೆ ಕಂಡೆನ್ಸರು ಕೆಟ್ಟಿದೆಯೆಂದು ಶಂಕಿಸಬೇಕು. ಗಾಲಿಯನ್ನು ಹಿಡಿದಿಡುವ ಚಿಕ್ಕ ಕೀಲಿ ಮುರಿದಿದ್ದರೆ ಕಿಡಿ ಇದ್ದೂ ಹೊತ್ತುತಪ್ಪಿ ಬರುವುದು. ಕಾಯಿಲನ್ನು ಕಡೆಗೆ ಮಾತ್ರ ಬದಲಿಸತಕ್ಕದ್ದು.

ಇಲ್ಲಿ ನಾವು ಒತ್ತಿ ಹೇಳಬೇಕಾದ ಮಾತೊಂದಿದೆ. ನಿಲ್ಲಿಸುವ ಗುಂಡಿಯ ತಂತಿಯನ್ನು ಪರೀಕ್ಷೆಗಾಗಿ ಬಿಚ್ಚಿದವರು, ಯಂತ್ರ ನಡೆಯಿತೆಂಬ ಸಂತೋಷದಲ್ಲಿ ಅದನ್ನು ಹಾಗೆಯೇ ಬಿಟ್ಟುಬಿಡುವುದುಂಟು. ಅಂಥ ಯಂತ್ರವನ್ನು ಬೇಕೆಂದಾಗ ತಟ್ಟನೆ ನಿಲ್ಲಿಸಲು ಬಾರದು. ಕಿಡಿಯನ್ನು ಹುಟ್ಟಿಸುವುದು ದುರಸ್ತಿಯ ಅರ್ಧ, ಕಿಡಿಯನ್ನು ನಿಲ್ಲಿಸುವುದು ಇನ್ನರ್ಧ. ಸರಪಳಿಯನ್ನು ತಡೆಯುವ ಬ್ರೇಕು ಇಲ್ಲದ ಬಹಳ ಹಳೆಯ ಗರಗಸವನ್ನಂತೂ, ಅದರ ಕಿಡಿ ಎಷ್ಟು ಚೆನ್ನಾಗಿದ್ದರೂ, ಕೂಲಿಯ ಆಳಿನ ಕೈಗೆ ಕೊಡಬಾರದು. ದುರಸ್ತಿಗೆ ಉಳಿಸುವ ನಾಲ್ಕು ಕಾಸಿಗೆ ಬಡವನ ಕೈಕಾಲು ಒತ್ತೆಯಾಗಬಾರದು. ಯಂತ್ರವು ಯಜಮಾನನದು, ಗಾಯದ ಹೊಣೆಯೂ ಅವನದೇ ಎಂದು ಬಗೆಯುವುದು ನ್ಯಾಯ.

ಹೊಸ ಯಂತ್ರವು ಸುಲಭವಾಗಿ ದೊರೆಯುವಾಗ ಈ ಗೊಡವೆ ಏಕೆಂದು ಕೆಲವರು ಕೇಳಬಹುದು. ಬ್ರೇಕಿಲ್ಲದ ಯಂತ್ರದ ವಿಷಯದಲ್ಲಿ ಅವರ ಮಾತು ಸರಿ. ಉಳಿದವುಗಳ ವಿಷಯದಲ್ಲಿ, ಪ್ಲಗ್ಗಿನ ದೋಷಕ್ಕೆ ಯಂತ್ರವನ್ನೇ ಬಿಸಾಡುವವನು ಹೊಸದನ್ನೂ ಬೇಗನೆ ಬಿಸಾಡುವನು. ತಿಳಿವಳಿಕೆಯು ಅಂಗಡಿಯಲ್ಲಿ ಮಾರಾಟಕ್ಕಿಲ್ಲ.

ಆದುದರಿಂದ ನಮ್ಮ ಸೂಚನೆಯಿಷ್ಟು. ಪ್ರತಿ ಊರಿನ ಸಹಕಾರಿ ಸಂಘದಲ್ಲಿ ಒಂದು ಪ್ಲಗ್ ಪಾನ, ಸಂದನ್ನು ಅಳೆಯುವ ಫೀಲರ್ ಗೇಜು, ಒಂದು ಪುಲ್ಲರು ಮತ್ತು ಕೆಲವು ಪ್ಲಗ್ಗುಗಳಿರುವ ಪೆಟ್ಟಿಗೆಯನ್ನು ಇಡಬೇಕು. ಮೋಟಾರು ಸೈಕಲ್ಲಿನ ಕೆಲಸ ಬಲ್ಲ ಇಬ್ಬರು ತರುಣರನ್ನು ಆರಿಸಿ, ಈ ವಿದ್ಯೆಯನ್ನು ಕಲಿಸಬೇಕು. ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರವನ್ನು ಊರಿನವರು ಕೂಡಿ ಕೇಳಿದರೆ ದಾರಿ ಸಿಕ್ಕೀತು. 1905ರಲ್ಲಿ ಅಂದಿನ ಧಾರವಾಡ ಜಿಲ್ಲೆಯ ಕಣಗಿನಹಾಳದಲ್ಲಿ ಸಹಕಾರಿ ಸಂಘವನ್ನು ಕಟ್ಟಿ ದೇಶಕ್ಕೇ ಮೇಲ್ಪಂಕ್ತಿಯಾದ ನಾಡಿನವರಿಗೆ ಒಂದು ಉಪಕರಣದ ಪೆಟ್ಟಿಗೆ ಭಾರವಾಗಲಾರದು.

ಕೊನೆಯದಾಗಿ, ಗರಗಸ ಹೊತ್ತಿಕೊಂಡಿತೆಂದು ಮರವೆಲ್ಲವೂ ಕಡಿಯತಕ್ಕದ್ದೆಂದು ತಿಳಿಯಬಾರದು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಮೇರೆಗೆ ಯಾವ ಮರಕ್ಕೆ ಅಪ್ಪಣೆ ಬೇಕೆಂಬುದನ್ನು ಅರಣ್ಯಾಧಿಕಾರಿಗಳಿಂದ ಮೊದಲೇ ಕೇಳಿಕೊಳ್ಳತಕ್ಕದ್ದು. ಸವಣೂರಿನ ಮೂರು ದೊಡ್ಡ ಹುಣಸೆಮರಗಳಲ್ಲೊಂದು 2023ರ ಮಳೆಗಾಲದಲ್ಲಿ ಉರುಳಿದಾಗ, ಅದನ್ನು ಸೌದೆ ಮಾಡದೆ ಮತ್ತೆ ಎತ್ತಿ ನೆಟ್ಟರು. ಯಂತ್ರವನ್ನು ಸುಸ್ಥಿತಿಯಲ್ಲಿಡುವ ಜಾಣ್ಮೆಯೂ, ಅದನ್ನು ಎಲ್ಲಿ ನಿಲ್ಲಿಸಬೇಕೆಂಬ ವಿವೇಕವೂ ಒಂದೇ ಮನೆಯಲ್ಲಿರುವುದು ಲೇಸು.