ಆರನೆಯವರಿಗೂ ಅಂಕ ಕೊಡುವ ಲೀಗ್ ಬೇಕು

ಅಥ್ಲೆಟಿಕ್ಸ್ ಬೆಳೆಯಲು ವರ್ಷಕ್ಕೊಂದು ತಾರಾ ಕೂಟ ಸಾಲದು. ಬ್ರಿಟನ್ನಿನ ಕ್ಲಬ್ ಲೀಗ್‌ನ ಅರ್ಧ ಶತಮಾನದ ಚರಿತ್ರೆಯಲ್ಲಿ ನಮಗೂ ಪಾಠವಿದೆ

2025ರ ಜುಲೈ 5ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಜನ ಕಿಕ್ಕಿರಿದಿದ್ದರು. ನೀರಜ್ ಚೋಪ್ರಾ ಹೆಸರಿನ ಜಾವೆಲಿನ್ ಕೂಟದಲ್ಲಿ ನೀರಜ್ ಅವರೇ 86.18 ಮೀಟರ್ ಎಸೆದು ಗೆದ್ದರು. ಕೀನ್ಯಾದ ಜೂಲಿಯಸ್ ಯೆಗೊ ಎರಡನೆಯವರಾದರು. ಅಥ್ಲೆಟಿಕ್ಸ್ ನೋಡಲು ನಮ್ಮ ಜನ ದುಡ್ಡು ಕೊಟ್ಟು ಬರುತ್ತಾರೆ ಎಂಬುದು ಅಂದು ಸಾಬೀತಾಯಿತು. ಆದರೆ ಅದನ್ನು ನೋಡಿ ಹುರುಪುಗೊಂಡ ಹಾಸನದ ಅಥವಾ ಹಾವೇರಿಯ ಹುಡುಗಿ ಮುಂದಿನ ತಿಂಗಳು ಎಲ್ಲಿ ಹೋಗಿ ಸ್ಪರ್ಧಿಸಬೇಕು? ಈ ಪ್ರಶ್ನೆಗೆ ನಮ್ಮ ಕ್ರೀಡಾ ವ್ಯವಸ್ಥೆಯ ಬಳಿ ಉತ್ತರವಿಲ್ಲ.

ಈ ಪ್ರಶ್ನೆಯನ್ನು ಬ್ರಿಟನ್ ಬಹಳ ಹಿಂದೆಯೇ ಎದುರಿಸಿತ್ತು. ಬರ್ಮಿಂಗ್‌ಹ್ಯಾಮಿನ ಬರ್ಚ್‌ಫೀಲ್ಡ್ ಹ್ಯಾರಿಯರ್ಸ್ ಹುಟ್ಟಿದ್ದು 1877ರಲ್ಲಿ. ಅಂಥ ಹಳೆಯ ಕ್ಲಬ್‌ಗಳು ಅಲ್ಲಿ ಊರೂರಿನಲ್ಲೂ ಇದ್ದವು. ಆದರೆ ಅವುಗಳ ಸ್ಪರ್ಧೆಗಳಿಗೆ ಒಂದು ಸರಣಿಯ ರೂಪವಿರಲಿಲ್ಲ. ಆಹ್ವಾನಿತ ಪಂದ್ಯಗಳು, ಕೌಂಟಿ ಚಾಂಪಿಯನ್‌ಷಿಪ್, ಅಲ್ಲೊಂದು ಇಲ್ಲೊಂದು ಟ್ರೋಫಿ, ಅಷ್ಟೇ. 1969ರಲ್ಲಿ ಫುಟ್‌ಬಾಲ್ ಮಾದರಿಯಲ್ಲಿ ಪುರುಷರ ರಾಷ್ಟ್ರೀಯ ಲೀಗ್ ಶುರುವಾಯಿತು. ಬೇಸಿಗೆಯ ಕೆಲವು ಶನಿವಾರಗಳಲ್ಲಿ ಪಂದ್ಯ, ವಿಭಾಗವಾರು ಪಟ್ಟಿ, ಮೇಲೆ ಬಂದವರಿಗೆ ಬಡ್ತಿ, ಕೆಳಗೆ ಉಳಿದವರಿಗೆ ಹಿಂಬಡ್ತಿ. ಅದರ ಕೆಳಗೆ ದಕ್ಷಿಣ, ಮಧ್ಯ ಮತ್ತು ಉತ್ತರ ಇಂಗ್ಲೆಂಡಿನ ಪ್ರಾದೇಶಿಕ ಲೀಗ್‌ಗಳು. ಪ್ರದೇಶದಲ್ಲಿ ಗೆದ್ದ ಕ್ಲಬ್ ಅರ್ಹತಾ ಪಂದ್ಯದ ಮೂಲಕ ರಾಷ್ಟ್ರೀಯ ಮಟ್ಟಕ್ಕೆ ಏರಬಹುದಿತ್ತು. ಅಲ್ಲಿ ಗೆದ್ದರೆ ಯುರೋಪಿನ ಕ್ಲಬ್ ಕಪ್‌ಗೂ ದಾರಿ ತೆರೆಯುತ್ತಿತ್ತು.

ಈ ಲೀಗ್‌ನ ಜೀವಾಳ ಅದರ ಅಂಕಪದ್ಧತಿ. ಪ್ರತಿ ಸ್ಪರ್ಧೆಗೂ ಒಂದು ಕ್ಲಬ್ಬಿನಿಂದ ‘ಎ’ ಮತ್ತು ‘ಬಿ’ ಎಂದು ಇಬ್ಬರು. ಮೊದಲು ಬಂದವರಿಗೆ ಹೆಚ್ಚು ಅಂಕ, ಕೊನೆಗೆ ಬಂದವರಿಗೂ ಒಂದಿಷ್ಟು. ಸ್ಪರ್ಧಿಯನ್ನೇ ಇಳಿಸದಿದ್ದರೆ ಸೊನ್ನೆ. ಹೀಗಾಗಿ 1500 ಮೀಟರ್ ಓಡಿ ದಣಿದವನನ್ನು ತಂಡದ ಮ್ಯಾನೇಜರ್ ಪುಸಲಾಯಿಸಿ ಹ್ಯಾಮರ್ ಥ್ರೋಗೆ ಕಳಿಸುವುದು, ಕೋಲನ್ನೇ ಹಿಡಿದು ಗೊತ್ತಿಲ್ಲದ ಸ್ಪ್ರಿಂಟರ್ ಕನಿಷ್ಠ ಎತ್ತರ ಹಾರಿ ಪೋಲ್‌ವಾಲ್ಟ್‌ನಲ್ಲಿ ಅಂಕ ಗಿಟ್ಟಿಸುವುದು ಅಲ್ಲಿನ ಲೀಗ್‌ಗಳಲ್ಲಿ ಮಾಮೂಲು. ನೋಡುವವರಿಗೆ ಇದು ತಮಾಷೆ. ಆದರೆ ಯಾರಿಗೂ ಬೇಡವಾದ ಹ್ಯಾಮರ್, ಸ್ಟೀಪಲ್‌ಚೇಸ್‌ನಂಥ ಸ್ಪರ್ಧೆಗಳಿಗೆ ಪ್ರತಿ ಕ್ಲಬ್ಬೂ ಜನರನ್ನು ಹುಡುಕಲೇಬೇಕಾದ ಒತ್ತಡ ಹುಟ್ಟಿದ್ದು ಇದರಿಂದಲೇ. ವೈಯಕ್ತಿಕ ಕ್ರೀಡೆಯೊಂದು ತಂಡದ ಆಟವಾಗಿದ್ದೂ ಹೀಗೆಯೇ.

ಫಲವೂ ಕಂಡಿತು. 1975ರಿಂದ ಸತತ ಎಂಟು ವರ್ಷ ಪ್ರಶಸ್ತಿ ಗೆದ್ದದ್ದು ಲಂಡನ್ನಿನ ಶ್ರೀಮಂತ ಕ್ಲಬ್ ಅಲ್ಲ, ಮಧ್ಯ ಇಂಗ್ಲೆಂಡಿನ ಕೈಗಾರಿಕಾ ಪಟ್ಟಣದ ವುಲ್ವರ್‌ಹ್ಯಾಂಪ್ಟನ್ ಅಂಡ್ ಬಿಲ್‌ಸ್ಟನ್. 1984ರ ಒಲಿಂಪಿಕ್ಸ್‌ನಲ್ಲಿ ಜಾವೆಲಿನ್ ಚಿನ್ನ ಗೆದ್ದ ಟೆಸ್ಸಾ ಸ್ಯಾಂಡರ್ಸನ್ ಬೆಳೆದದ್ದೂ ಅದೇ ಕ್ಲಬ್ಬಿನ ಅಂಗಳದಲ್ಲಿ. 1992ರ 100 ಮೀಟರ್ ಚಾಂಪಿಯನ್ ಲಿನ್‌ಫರ್ಡ್ ಕ್ರಿಸ್ಟಿ ಥೇಮ್ಸ್ ವ್ಯಾಲಿ ಹ್ಯಾರಿಯರ್ಸ್‌ನವರು.

ಇದನ್ನು ಸ್ವರ್ಗವೆಂದು ಬಿಂಬಿಸಬೇಕಿಲ್ಲ. 80ರ ದಶಕದಲ್ಲಿ ಅಥ್ಲೆಟಿಕ್ಸ್‌ಗೆ ದುಡ್ಡು ಬಂತು. 1985ರಲ್ಲಿ ಗ್ರ್ಯಾನ್ ಪ್ರಿ, 1998ರಲ್ಲಿ ಗೋಲ್ಡನ್ ಲೀಗ್, 2010ರಲ್ಲಿ ಡೈಮಂಡ್ ಲೀಗ್ ಬಂದವು. ಹೆಸರಿನಲ್ಲಿ ಲೀಗ್ ಇದ್ದರೂ ಇವುಗಳಲ್ಲಿ ಕ್ಲಬ್ಬೂ ಇಲ್ಲ, ಬಡ್ತಿಯೂ ಇಲ್ಲ. ತಾರೆಯರು ಆ ಕಡೆ ಹೊರಟಂತೆ ಕ್ಲಬ್ ಲೀಗ್‌ನತ್ತ ಜನರ ಗಮನ ಕಡಿಮೆಯಾಯಿತು. ದೂರದ ಪ್ರಯಾಣದ ಖರ್ಚು ಏರಿತು. ಸಂಬಳವಿಲ್ಲದೆ ದುಡಿಯುವ ಸ್ಟಾರ್ಟರ್‌ಗಳು, ಟೈಮ್‌ಕೀಪರ್‌ಗಳು ವಯಸ್ಸಾಗಿ ಹಿಂದೆ ಸರಿದರು. ಅವರ ಜಾಗಕ್ಕೆ ಕಿರಿಯರು ಸಾಕಷ್ಟು ಬರಲಿಲ್ಲ. ಕೊನೆಗೆ 2019ರ ಋತುವೇ ಪುರುಷರ ಲೀಗ್‌ನ ಕೊನೆಯದಾಯಿತು. ಅದನ್ನೂ ಮಹಿಳಾ ಲೀಗನ್ನೂ ಸೇರಿಸಿ ಹೊಸ ರಾಷ್ಟ್ರೀಯ ಲೀಗ್ ರೂಪಿಸಲಾಯಿತು. ಕೋವಿಡ್‌ನಿಂದಾಗಿ ಅದು ಆರಂಭವಾದದ್ದು 2021ರಲ್ಲಿ. ಈಗ ಹೆಣ್ಣು ಗಂಡು ಇಬ್ಬರ ಅಂಕವೂ ಒಂದೇ ಪಟ್ಟಿಗೆ ಸೇರುತ್ತದೆ.

ಇದಕ್ಕೆ ಎದುರಾಗಿ ಇತ್ತೀಚಿನ ಇನ್ನೊಂದು ಲೀಗ್‌ನ ಕಥೆ ನೋಡಿ. ಅಮೆರಿಕದ ಮೈಕೆಲ್ ಜಾನ್ಸನ್ 2025ರಲ್ಲಿ ‘ಗ್ರ್ಯಾಂಡ್ ಸ್ಲ್ಯಾಮ್ ಟ್ರ್ಯಾಕ್’ ಆರಂಭಿಸಿದರು. ಪ್ರತಿ ಕೂಟದಲ್ಲಿ ತಮ್ಮ ವಿಭಾಗ ಗೆದ್ದವರಿಗೆ ಒಂದು ಲಕ್ಷ ಡಾಲರ್. ಕಿಂಗ್‌ಸ್ಟನ್, ಮಿರಮಾರ್, ಫಿಲಡೆಲ್ಫಿಯಾಗಳಲ್ಲಿ ಕೂಟ ನಡೆದವು. ನಾಲ್ಕನೆಯದಾದ ಲಾಸ್ ಏಂಜಲೀಸ್ ಕೂಟ ರದ್ದಾಯಿತು, ಓಡಿದವರಿಗೆ ಬಹುಮಾನದ ಹಣ ಸಕಾಲಕ್ಕೆ ಸಿಗಲಿಲ್ಲ. ತಾರೆಯರನ್ನೇ ನಂಬಿದ ಲೀಗ್ ಮೊದಲ ವರ್ಷವೇ ಮುಗ್ಗರಿಸಿತು. ಸ್ವಯಂಸೇವಕರನ್ನು ನಂಬಿದ ಲೀಗ್ ಐವತ್ತು ವರ್ಷ ನಡೆಯಿತು.

ತಂಡಕ್ಕೆ ಅಂಕ ಗಳಿಸುವ ಪದ್ಧತಿಯ ಮಾತು ಬಂದಾಗ ನಮ್ಮ ಮೈಸೂರಿನ ಒಂದು ಹೆಸರನ್ನು ನೆನೆಯಬೇಕು. 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಡಿಸ್ಕಸ್ ಚಿನ್ನ ಗೆದ್ದ ವಿಕಾಸ್ ಗೌಡ ಹುಟ್ಟಿದ್ದು ಮೈಸೂರಿನಲ್ಲಿ, ಬೆಳೆದದ್ದು ಅಮೆರಿಕದಲ್ಲಿ. ಅವರು ಓದಿದ ನಾರ್ತ್ ಕರೋಲಿನಾ ವಿಶ್ವವಿದ್ಯಾಲಯ ಆಗ ಅಟ್ಲಾಂಟಿಕ್ ಕರಾವಳಿಯ ವಿಶ್ವವಿದ್ಯಾಲಯಗಳ ಪ್ರಾದೇಶಿಕ ಒಕ್ಕೂಟದ ಸದಸ್ಯವಾಗಿತ್ತು. 1953ರಲ್ಲಿ ಹುಟ್ಟಿದ ಈ ಒಕ್ಕೂಟದ ಕೂಟಗಳಲ್ಲಿ ಮೊದಲ ಎಂಟು ಸ್ಥಾನಗಳಿಗೆ 10, 8, 6, 5, 4, 3, 2, 1 ಎಂದು ಅಂಕ ಹಂಚುತ್ತಾರೆ. ಅಲ್ಲಿ ಆರನೆಯವರಾದರೂ ತಂಡಕ್ಕೆ ಮೂರು ಅಂಕ. ಅಂಥ ವ್ಯವಸ್ಥೆಯಲ್ಲಿ ಪಳಗಿದ ವಿಕಾಸ್ 2006ರಲ್ಲಿ ಅಲ್ಲಿನ ಕಾಲೇಜು ರಾಷ್ಟ್ರೀಯ ಚಾಂಪಿಯನ್ ಆದರು, 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫೈನಲ್ ತಲುಪಿದರು. ಪ್ರತಿಭೆ ಅವರದೇ. ಆದರೆ ವರ್ಷವಿಡೀ ಸ್ಪರ್ಧೆಗೆ ಅವಕಾಶ ಒದಗಿಸಿದ್ದು ಆ ವ್ಯವಸ್ಥೆ.

ನಮ್ಮಲ್ಲಿ ಕ್ರೀಡಾಪಟುವಿನ ವರ್ಷ ಹೇಗಿರುತ್ತದೆ? ಶಾಲೆ ಕಾಲೇಜಿನ ಕೂಟ, ದಸರಾ ಕ್ರೀಡಾಕೂಟ, ಜಿಲ್ಲಾ ಮತ್ತು ರಾಜ್ಯ ಚಾಂಪಿಯನ್‌ಷಿಪ್. ಇವೆಲ್ಲವೂ ಹೆಚ್ಚುಕಡಿಮೆ ಆಯ್ಕೆಯ ಜರಡಿಗಳೇ. ತಾಲ್ಲೂಕಿನಲ್ಲಿ ಮೂರನೆಯವಳಾದವಳು ಆ ವರ್ಷಕ್ಕೆ ಅಲ್ಲಿಗೇ ನಿಲ್ಲುತ್ತಾಳೆ. ಎರಡು ತಿಂಗಳಲ್ಲಿ ಅವಳ ಓಟ ಅರ್ಧ ಸೆಕೆಂಡ್ ಸುಧಾರಿಸಿದರೂ ಅದನ್ನು ಅಳೆಯುವ ಗಡಿಯಾರ ಇನ್ನೊಂದು ವರ್ಷ ಕಾಯುತ್ತದೆ. ಹಾಸ್ಟೆಲ್ ಸೀಟು, ಕೃಪಾಂಕ, ಕ್ರೀಡಾ ಕೋಟಾದ ನೌಕರಿ ಎಲ್ಲವೂ ಪದಕಕ್ಕೇ ಅಂಟಿಕೊಂಡಿವೆ. ಇಡೀ ವರ್ಷದ ಶ್ರಮ ಒಂದೇ ದಿನದ ಫಲಿತಾಂಶದ ಮೇಲೆ ನಿಂತಾಗ ವಯಸ್ಸು ಮುಚ್ಚಿಡುವ, ಉದ್ದೀಪನ ಮದ್ದಿಗೆ ಕೈಹಾಕುವ ಆಮಿಷವೂ ಹೆಚ್ಚುತ್ತದೆ.

ಇಲ್ಲಿ ಲೀಗ್ ಆರಂಭಿಸಲು ಕೋಟಿಗಟ್ಟಲೆ ಹಣ ಬೇಕಿಲ್ಲ. ಮಂಗಳೂರು, ಉಡುಪಿ, ಮೂಡುಬಿದಿರೆಗಳಲ್ಲಿ ಸಿಂಥೆಟಿಕ್ ಟ್ರ್ಯಾಕ್‌ಗಳಿವೆ. ಈ ಮೂರೂ ಊರು ಬೆಳಿಗ್ಗೆ ಬಸ್ ಹತ್ತಿ ಸಂಜೆ ಮನೆಗೆ ಮರಳುವಷ್ಟು ಹತ್ತಿರ. ಕರಾವಳಿಯ ಆರು ಕ್ಲಬ್, ಋತುವಿಗೆ ನಾಲ್ಕು ಭಾನುವಾರ, ಹುಡುಗ ಹುಡುಗಿಯರ ಅಂಕ ಒಟ್ಟಿಗೆ, ಪ್ರತಿ ಸ್ಪರ್ಧೆಗೂ ಕ್ಲಬ್ಬಿಗೆ ಇಬ್ಬರು: ಆರಂಭಕ್ಕೆ ಇಷ್ಟು ಸಾಕು. ಅದು ಗಟ್ಟಿಯಾದ ಮೇಲೆ ಮೈಸೂರು, ಧಾರವಾಡದ ಸುತ್ತಲಿನ ಊರುಗಳಿಗೆ ವಿಸ್ತರಿಸಬಹುದು.

ಕಷ್ಟವಿರುವುದು ತೀರ್ಪುಗಾರರ ವಿಷಯದಲ್ಲಿ. ಬ್ರಿಟನ್ನಿನ ಲೀಗ್‌ಗೆ ಪೆಟ್ಟು ಕೊಟ್ಟದ್ದೂ ಇದೇ ಕೊರತೆ. ನಮ್ಮ ಕೂಟಗಳ ಭಾರ ಹೊರುವವರು ದೈಹಿಕ ಶಿಕ್ಷಕರು. ಅವರಿಗೆ ಭಾನುವಾರದ ದುಡಿಮೆಗೆ ಅನ್ಯ ಕಾರ್ಯ ನಿಮಿತ್ತ (ಒಒಡಿ) ಸೌಲಭ್ಯ, ಬದಲಿ ರಜೆ ಮತ್ತು ಗೌರವಧನ ಸಿಗಬೇಕು. ಬ್ರಿಟನ್ನಿನ ಹಲವು ಲೀಗ್‌ಗಳಲ್ಲಿ ತೀರ್ಪುಗಾರರನ್ನು ಕರೆತರುವ ಹೊಣೆಯೂ ಕ್ಲಬ್ಬಿನದೇ. ಆ ನಿಯಮವನ್ನು ಮೊದಲ ದಿನದಿಂದಲೇ ಇಲ್ಲೂ ಅಳವಡಿಸಿದರೆ ನಿವೃತ್ತ ಕ್ರೀಡಾಪಟುಗಳು, ಪೋಷಕರು ಸ್ಟಾಪ್‌ವಾಚ್ ಹಿಡಿಯಲು ಕಲಿಯುತ್ತಾರೆ. ಹಾಸ್ಟೆಲ್ ಪ್ರವೇಶಕ್ಕೆ ಪದಕದ ಜೊತೆ ಲೀಗ್‌ನಲ್ಲಿ ಗಳಿಸಿದ ಅಂಕವನ್ನೂ ಪರಿಗಣಿಸುವುದಾಗಿ ಸರ್ಕಾರ ಒಂದು ಆದೇಶ ಹೊರಡಿಸಿದರೆ ಉಳಿದ ಕೆಲಸವನ್ನು ಕ್ಲಬ್‌ಗಳೇ ಮಾಡಿಕೊಳ್ಳುತ್ತವೆ.

ತಾರೆಯರ ಕೂಟ ಬೇಡವೆಂದಲ್ಲ. ಅದು ಮಕ್ಕಳನ್ನು ಮೈದಾನಕ್ಕೆ ಕರೆತರುತ್ತದೆ. ಬಂದವರನ್ನು ಐದಾರು ವರ್ಷ ಅಲ್ಲೇ ಉಳಿಸಿಕೊಳ್ಳಬಲ್ಲದ್ದು, ಸೋತ ಮೇಲೂ ಮುಂದಿನ ಪಂದ್ಯದ ತಾರೀಖನ್ನು ಅವರ ಕೈಗೆ ಕೊಡುವ ಲೀಗ್ ಮಾತ್ರ. ಕ್ರೀಡಾ ಇಲಾಖೆ ತನ್ನ ಮುಂದಿನ ಬಜೆಟ್‌ನಲ್ಲಿ ಇಂಥ ಒಂದು ಲೀಗ್‌ಗೆ ಹಣ ತೆಗೆದಿಡಲಿ.