ಮೇವಿನ ಗದ್ದೆಯ ನೀರಿಗೆ ಲೆಕ್ಕವೆಲ್ಲಿ?

ಒಂದು ಕಿಲೋ ದನದ ಮಾಂಸಕ್ಕೆ 15,400 ಲೀಟರ್ ನೀರು ಬೇಕು. ಮಾಂಸ ರಫ್ತಿನ ಮಾತೆತ್ತಿದರೆ ಮೊದಲು ಎದುರಾಗುವ ಅಂಕಿ ಇದು. ಆದರೆ ಇದು ಜಗತ್ತಿನ ಸರಾಸರಿ, ಅದರಲ್ಲೂ ಶೇ 90ಕ್ಕಿಂತ ಹೆಚ್ಚು ಪಾಲು ಹುಲ್ಲಿಗೂ ಬೆಳೆಗೂ ಬಿದ್ದ ಮಳೆಯದು. ವಾರಾಣಸಿ ಸೀಮೆಯ ಎಮ್ಮೆಗೆ ಇದನ್ನು ಹಾಗೇ ಅಂಟಿಸುವುದು ತಪ್ಪು. 1955ರ ಕಾಯ್ದೆಯಿಂದ ಗೋಹತ್ಯೆ ನಿಷೇಧವಾಗಿರುವ ಉತ್ತರ ಪ್ರದೇಶದಿಂದ ಹೊರದೇಶಕ್ಕೆ ಹೋಗುವುದು ಎಮ್ಮೆ, ಕೋಣಗಳ ಮಾಂಸ. ರೈತ ಎಮ್ಮೆ ಕಟ್ಟುವುದು ಹಾಲಿಗಾಗಿ. ಕರಾವು ನಿಂತ ಮೇಲೆ ಮಾರುತ್ತಾನೆ. ಒಂದೇ ಗೋದಲಿ, ಒಂದೇ ಮೇವು, ಒಂದೇ ಕೊಳವೆಬಾವಿ. ಮಾಂಸ ನೀರು ನುಂಗುತ್ತದೆ, ಹಾಲು ನುಂಗುವುದಿಲ್ಲ ಎನ್ನುವವರು ಒಂದೇ ಹೊಟ್ಟೆಗೆ ಎರಡು ಲೆಕ್ಕ ಬರೆಯುತ್ತಿದ್ದಾರೆ. ಮಾರಲಾಗದ ಗೊಡ್ಡು ಹಸುವಿನ ಗತಿಯನ್ನು 2019ರ ಜಾನುವಾರು ಗಣತಿ ಹೇಳುತ್ತದೆ: ಆ ರಾಜ್ಯದಲ್ಲಿ 11.84 ಲಕ್ಷ ಬೀಡಾಡಿ ದನಗಳು. ಅವು ನುಗ್ಗುವುದೂ ನೀರು ಹಾಯಿಸಿದ ಹೊಲಕ್ಕೇ.

ವಾರಾಣಸಿ ಜಿಲ್ಲೆಯ ಕರ್ಖಿಯಾಂವ್‌ನಲ್ಲಿ 2024ರ ಫೆಬ್ರುವರಿ 23ರಂದು ಉದ್ಘಾಟನೆಯಾದ ಬನಾಸ್ ಡೇರಿಯ ಹಾಲಿನ ಘಟಕ ಬನಾಸ್ ಕಾಶಿ ಸಂಕುಲ ಹೈನುಗಾರರಿಗೆ ದೊಡ್ಡ ಮಾರುಕಟ್ಟೆ ತೆರೆದಿದೆ, ಅದು ಸ್ವಾಗತಾರ್ಹ. ನನ್ನ ಪ್ರಶ್ನೆ ಘಟಕದ ಬೋರ್‌ವೆಲ್‌ ಕುರಿತದ್ದಲ್ಲ. ಪಶು ಉತ್ಪನ್ನಗಳಿಗೆ ತಗಲುವ ನೀರಿನಲ್ಲಿ ಶೇ 98ರಷ್ಟು ಮೇವಿನದೇ. ದನ ಕುಡಿಯುವುದು, ಕೊಟ್ಟಿಗೆ ತೊಳೆಯುವುದು ಉಳಿದ ಚೂರು. ಗೋಧಿ ಹೊಟ್ಟು, ಭತ್ತದ ಹುಲ್ಲು ತಿನ್ನುವ ಎಮ್ಮೆಗಾಗಿ ಬೇರೆ ನೀರೆತ್ತಬೇಕಿಲ್ಲ, ಕಾಳಿಗೆಂದು ಹಾಯಿಸಿದ ನೀರೇ ಅವನ್ನೂ ಬೆಳೆಸಿರುತ್ತದೆ. ಬರ್ಸೀಮ್ ಹಾಗಲ್ಲ. ಚಳಿಗಾಲದಿಂದ ಬೇಸಿಗೆಯವರೆಗೆ ಕೊಯ್ದಷ್ಟೂ ಚಿಗುರುವ ಈ ಹಸಿಮೇವು ಮಳೆಯೇ ಇಲ್ಲದ ತಿಂಗಳುಗಳಲ್ಲಿ ಮತ್ತೆಮತ್ತೆ ನೀರು ಬೇಡುತ್ತದೆ. ಬನಾಸ್ ಡೇರಿಯ ತವರಾದ ಉತ್ತರ ಗುಜರಾತಿನಲ್ಲಿ ಆಳದ ಕೊಳವೆಬಾವಿಗಳಿಂದ ಕುದುರೆಮಸಾಲೆ ಸೊಪ್ಪು ಬೆಳೆದು ಹಾಲು ಹೆಚ್ಚಿಸಿದ್ದಕ್ಕೆ ಅಂತರ್ಜಲ ಬೆಲೆ ತೆತ್ತಿದೆ. ನಮ್ಮ ಕೋಲಾರಕ್ಕೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಗಂಗೆಯ ದಡದಲ್ಲಿ ನೀರಿಗೇನು ಬರ ಎನ್ನುವವರುಂಟು. ಕೊಳವೆಬಾವಿ ಎತ್ತುವುದು ನೆಲದಡಿಯ ನೀರನ್ನು. ಇದೇ ಜಿಲ್ಲೆಯ ಮೆಹ್ದಿಗಂಜ್‌ನಲ್ಲಿ ಕೋಕಾ-ಕೋಲಾ ಘಟಕ ಅಂತರ್ಜಲ ಎತ್ತುವುದರ ವಿರುದ್ಧ ಹಳ್ಳಿಗರು ವರ್ಷಗಟ್ಟಲೆ ಹೋರಾಡಿದರು, 2014ರಲ್ಲಿ ಕಂಪನಿ ವಿಸ್ತರಣೆಯನ್ನು ಕೈಬಿಟ್ಟಿತು. ನ್ಯಾಯವಾದ ಹೋರಾಟ ಅದು. ಆದರೆ ಕಾರ್ಖಾನೆಯ ಪೈಪು ಕಣ್ಣಿಗೆ ಬಿದ್ದಷ್ಟು ಹೊಲದ ಪೈಪು ಬೀಳುವುದಿಲ್ಲ. ಹಾಲು ಬಡವರ ಬದುಕು, ಅದಕ್ಕೆ ನೀರಿನ ಲೆಕ್ಕ ಕೇಳಬೇಡಿ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಲೆಕ್ಕ ಬೇಕಾಗಿರುವುದೂ ಅದಕ್ಕಾಗಿಯೇ. ನೀರು ಕೆಳಗಿಳಿದರೆ ಮೊದಲು ಬತ್ತುವುದು ಎರಡು ಎಮ್ಮೆ ಸಾಕಿದವಳ ಕೈಪಂಪು; ಉಳ್ಳವರು ಇನ್ನಷ್ಟು ಆಳಕ್ಕೆ ಕೊರೆಸುತ್ತಾರೆ. ಹಾಲು ಅಳೆದಾಗಲೆಲ್ಲ ಕೊಬ್ಬಿನಂಶ ನೋಡುವ ಡೇರಿ, ತನಗೆ ಹಾಲು ಹಾಕುವವರು ಎಷ್ಟು ಬಿಘಾ ಹಸಿಮೇವು ಬೆಳೆಯುತ್ತಾರೆ, ಅದಕ್ಕೆ ಎಷ್ಟು ಸಲ ನೀರು ಹಾಯಿಸುತ್ತಾರೆ ಎಂಬುದನ್ನು ವರ್ಷಕ್ಕೊಮ್ಮೆಯಾದರೂ ಬರೆದು ಊರಿನ ಮುಂದಿಡಲಿ.