ಜಾಹೀರಾತು ವರ್ಗಣಿಯಲ್ಲ

ಕನ್ನಡದ ಸಣ್ಣ ಪತ್ರಿಕೆಗಳು ಓದುಗರಿಲ್ಲದೆ ನಿಂತುಹೋಗುತ್ತವೆ ಎಂಬ ಮಾತು ನಮ್ಮಲ್ಲಿ ರೂಢಿಯಾಗಿದೆ. ಅದು ಅರ್ಧಸತ್ಯ. ಓದುಗರಿದ್ದೂ ಕಾಗದ ಮತ್ತು ಮುದ್ರಣದ ಲೆಕ್ಕ ಸರಿದೂಗದೆ ನಿಲ್ಲುವ ಪತ್ರಿಕೆಗಳೂ ಇವೆ. ಕೃಷ್ಣೆಯಲ್ಲಿ ನೀರಿದ್ದರೂ ವಿದ್ಯುತ್ ಬಿಲ್ಲಿನ ಬಾಕಿಯಿಂದ ಪಂಪುಗಳು ನಿಂತುಹೋದ ದಿನಗಳನ್ನು ಮ್ಹೈಸಾಳ ಏತ ನೀರಾವರಿಯ ರೈತರು ಕಂಡಿದ್ದಾರೆ. ಪತ್ರಿಕೆಯ ಸ್ಥಿತಿಯೂ ಅದೇ. ಆದರೆ ಕಾವ್ಯಮೀಮಾಂಸೆಯನ್ನು ಓದುವ ನಾವು ಈ ಲೆಕ್ಕವನ್ನು ಕೀಳೆಂದು ಬಗೆದು ಬದಿಗಿಡುತ್ತೇವೆ. ಜಾಹೀರಾತಿನ ಆದಾಯ ಎಂಬ ಮಾತು ಬಂದೊಡನೆ ಐಚ್ಛಿಕ ಕನ್ನಡದ ವಿದ್ಯಾರ್ಥಿಗೆ ಸಂಕೋಚವಾಗುತ್ತದೆ. ಆ ಸಂಕೋಚ ಅನಗತ್ಯ. ಗಡಿನಾಡಿನ ಕನ್ನಡಕ್ಕಂತೂ ಅದು ಹಾನಿಕರ ಎಂಬುದು ನನ್ನ ನಿಲುವು.

ಮೊದಲು ಶಬ್ದವನ್ನೇ ನೋಡೋಣ. ಅರಬ್ಬಿ ಮೂಲದ 'ಜಾಹಿರ್' ಎಂದರೆ ಪ್ರಕಟವಾದದ್ದು, ಎಲ್ಲರಿಗೂ ಕಾಣುವಂಥದ್ದು. ಮರಾಠಿಯಲ್ಲಿ ಅದು 'ಜಾಹಿರಾತ', ನಮ್ಮಲ್ಲಿ 'ಜಾಹೀರಾತು'. ಮರಾಠಿ ಮತ್ತು ಕನ್ನಡ ಎರಡರಲ್ಲೂ ಶಾಲೆ ಕಲಿತ ನನ್ನಂಥವರಿಗೆ ಈ ಶಬ್ದದಲ್ಲಿ ಮೋಸದ ವಾಸನೆ ಇಲ್ಲ. ಬಹಿರಂಗವಾಗಿ ಹೇಳುವುದು ಎಂಬಷ್ಟೇ ಅರ್ಥ. ನೀವು ಶಾಸನಗಳ ಪತ್ರಿಕೆಯಲ್ಲಿ ಅಯ್ಯಾವೊಳೆ ಐನೂರ್ವರ ಪ್ರಶಸ್ತಿಯನ್ನು ಓದಿದ್ದೀರಿ. ಶಿಲಾಹಾರರ ಆಳ್ವಿಕೆಯ 12ನೆಯ ಶತಮಾನದಲ್ಲಿ ಕೊಲ್ಲಾಪುರ, ಮಿರಜಗಳ ಪರಿಸರದಲ್ಲಿ ಕಂಡರಿಸಿದ ಕನ್ನಡ ಶಾಸನಗಳಲ್ಲಿಯೂ ಈ ವರ್ತಕ ಸಂಘದ ವರ್ಣನೆಯಿದೆ. ವರ್ತಕರು ತಮ್ಮ ಕೀರ್ತಿಯನ್ನು ಹೇಳಿಸಿಕೊಳ್ಳುತ್ತಿದ್ದರು, ಹೇರಿಗೆ ಇಷ್ಟೆಂದು ದೇವಾಲಯಕ್ಕೋ ಬಸದಿಗೋ ಆಯವನ್ನು ಬಿಡುತ್ತಿದ್ದರು. ಯಾರು ಕೊಟ್ಟರು, ಎಷ್ಟು ಕೊಟ್ಟರು, ಯಾವುದಕ್ಕೆ ಕೊಟ್ಟರು ಎಂಬುದನ್ನು ಎಲ್ಲರೂ ಕಾಣುವಂತೆ ಕಲ್ಲಿನಲ್ಲಿ ಬರೆಸುತ್ತಿದ್ದರು. ವ್ಯಾಪಾರದ ಹಣ ಮತ್ತು ಸಮಾಜದ ಕಾರ್ಯ ಇವುಗಳ ನಡುವಿನ ಸಂಬಂಧ ಬಚ್ಚಿಡುವ ಸಂಗತಿಯಾಗಿರಲಿಲ್ಲ.

ಪತ್ರಿಕೆ ಮತ್ತು ಜಾಹೀರಾತುಗಳ ನಂಟು ಕೂಡ ಹೊಸದಲ್ಲ. 1780ರಲ್ಲಿ ಕಲ್ಕತ್ತೆಯಲ್ಲಿ ಹೊರಟ ಹಿಕಿಯ 'ಬೆಂಗಾಲ್ ಗೆಜೆಟ್' ತನ್ನ ಹೆಸರಿನ ಜೊತೆಗೇ 'ಜನರಲ್ ಅಡ್ವರ್ಟೈಸರ್' ಎಂಬ ಬಿರುದನ್ನು ಹೊತ್ತಿತ್ತು. ಆದರೆ ನಮಗೆ ಹೆಚ್ಚು ಪಾಠ ಹೇಳುವ ಉದಾಹರಣೆ ನಮ್ಮ ಜಿಲ್ಲೆಯಲ್ಲೇ ಇದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಕಬ್ಬಿಣದ ನೇಗಿಲು ಮಾಡಲಾರಂಭಿಸಿದಾಗ, ಕಬ್ಬಿಣ ತಾಗಿದರೆ ನೆಲ ಕೆಡುತ್ತದೆ ಎಂದು ರೈತರು ಹಿಂಜರಿದರು. 1910ರಲ್ಲಿ ಅವರು ಔಂಧ ಸಂಸ್ಥಾನದ ಕುಂಡಲ್ ರೋಡ್ ನಿಲ್ದಾಣದ ಬಳಿ, ಇಂದಿನ ಸಾಂಗಲಿ ಜಿಲ್ಲೆಯ ಕಿರ್ಲೋಸ್ಕರವಾಡಿಯಲ್ಲಿ, ಕಾರ್ಖಾನೆ ಕಟ್ಟಿದರು. ಆ ಕಾರ್ಖಾನೆಯ ಸರಕಿನ ಸುದ್ದಿಯನ್ನು ಜನರಿಗೆ ಮುಟ್ಟಿಸಲು 1920ರಲ್ಲಿ ಶಂಕರರಾವ್ ಕಿರ್ಲೋಸ್ಕರರ ಸಂಪಾದಕತ್ವದಲ್ಲಿ 'ಕಿರ್ಲೋಸ್ಕರ ಖಬರ' ಎಂಬ ಪತ್ರಿಕೆ ಹೊರಟಿತು. ಅದು ಹುಟ್ಟಿದ್ದೇ ಜಾಹೀರಾತಾಗಿ. ಬರಬರುತ್ತ ಅದು 'ಕಿರ್ಲೋಸ್ಕರ' ಎಂಬ ಹೆಸರಿನ, ಮರಾಠಿಯ ಹೆಸರಾಂತ ಮಾಸಪತ್ರಿಕೆಯಾಯಿತು. ಅದೇ ಸಂಸ್ಥೆಯಿಂದ 1930ರಲ್ಲಿ 'ಸ್ತ್ರೀ', 1934ರಲ್ಲಿ 'ಮನೋಹರ' ಹೊರಬಂದವು. ಮರಾಠಿ ಹೆಣ್ಣುಮಕ್ಕಳ ವಿದ್ಯೆ, ವಿವಾಹ, ದುಡಿಮೆಗಳ ಚರ್ಚೆಗೆ 'ಸ್ತ್ರೀ' ಕೊಟ್ಟ ಇಂಬನ್ನು ಮರಾಠಿ ಸಾಹಿತ್ಯದ ಚರಿತ್ರೆ ಮರೆತಿಲ್ಲ. ನೇಗಿಲು ಮಾರಲು ಹೊರಟ ಹಾಳೆ ಒಂದು ಭಾಷೆಯ ವಿಚಾರವನ್ನೇ ಉಳುವಂತಾಯಿತು. ಬರಿಯ ಸರಕಿನ ಹೊಗಳಿಕೆಯನ್ನು ಯಾರೂ ಎರಡನೆಯ ಸಲ ಓದುವುದಿಲ್ಲ. ಓದುಗನಿಗೆ ಬೇಕಾದುದನ್ನು ಕೊಟ್ಟುದರಿಂದಲೇ ಆ ಪತ್ರಿಕೆ ಬೆಳೆಯಿತು ಎಂದು ನಾನು ತಿಳಿಯುತ್ತೇನೆ.

ಇನ್ನು ನಮ್ಮ ರೂಢಿಯನ್ನು ನೋಡೋಣ. ಊರ ಜಾತ್ರೆಗೋ ಸಮ್ಮೇಳನಕ್ಕೋ ಸ್ಮರಣ ಸಂಚಿಕೆ ತರುವಾಗ ನಾವು ಅಂಗಡಿ ಅಂಗಡಿ ಹತ್ತಿ 'ಒಂದು ಜಾಹೀರಾತು ಕೊಡ್ರಿ' ಎನ್ನುತ್ತೇವೆ. ಪರಿಚಯದ ದಾಕ್ಷಿಣ್ಯಕ್ಕೆ ಅಂಗಡಿಕಾರರು ಹಣ ಕೊಡುತ್ತಾರೆ. ಸಂಚಿಕೆಯ ಕೊನೆಯಲ್ಲಿ 'ಶುಭಾಶಯಗಳೊಂದಿಗೆ' ಎಂಬ ಒಂದು ಸಾಲು, ಕೆಳಗೆ ಅಂಗಡಿಯ ಹೆಸರು. ಅಲ್ಲಿ ಏನು ಸಿಗುತ್ತದೆ, ಯಾವ ವೇಳೆಗೆ ಸಿಗುತ್ತದೆ, ಎಂಥವರಿಗೆ ಉಪಯೋಗ ಎಂಬುದು ಓದುಗನಿಗೆ ತಿಳಿಯುವುದೇ ಇಲ್ಲ. ಇದು ವರ್ಗಣಿ, ಜಾಹೀರಾತಲ್ಲ. ವರ್ಗಣಿಯನ್ನು ವರುಷಕ್ಕೊಮ್ಮೆ ಕೇಳಬಹುದು. ಮರುತಿಂಗಳು ಹೋದರೆ ಅಂಗಡಿಕಾರರು ಮುಖ ತಿರುಗಿಸುತ್ತಾರೆ. ಜಾಹೀರಾತಿನಿಂದ ಒಬ್ಬ ಗಿರಾಕಿಯಾದರೂ ಹೊಸ್ತಿಲು ತುಳಿದಿದ್ದರೆ ಅವರು ತಾವಾಗಿಯೇ ಮತ್ತೆ ಕೊಡುತ್ತಾರೆ. ಆದಾಯ ಹೆಚ್ಚುವುದು ಹೊಸ ಹೊಸ ಬಾಗಿಲು ತಟ್ಟುವುದರಿಂದಲ್ಲ, ಒಮ್ಮೆ ಕೊಟ್ಟವರು ಮತ್ತೆ ಕೊಡುವುದರಿಂದ.

ಹಾಗೆ ಮತ್ತೆ ಕೊಡುವಂತಾಗಲು ಏನು ಬೇಕು? ಒಂದು ಊಹೆಯ ಲೆಕ್ಕ ಹಾಕೋಣ. ಐದುನೂರು ಪ್ರತಿಗಳ ಒಂದು ಮಾಸಪತ್ರಿಕೆ. ಪ್ರತಿಗೆ 20 ರೂಪಾಯಿಯಂತೆ ವೆಚ್ಚ 10,000. ನಾಲ್ಕುನೂರು ಚಂದಾದಾರರಿಂದ ತಲಾ 15 ರೂಪಾಯಿಯಂತೆ 6,000 ಬಂತು. ಉಳಿದ 4,000 ರೂಪಾಯಿಯನ್ನು ಒಬ್ಬನೇ ಧನಿಕ ಕೊಟ್ಟರೆ ಸಂಪಾದಕನ ಲೇಖನಿ ಅವನ ಕೈಯಲ್ಲಿ. ಎಂಟು ಜನ ತಲಾ 500 ಕೊಟ್ಟರೆ ಅವರಲ್ಲಿ ಒಬ್ಬರು ಮುನಿಸಿಕೊಂಡರೂ ಪತ್ರಿಕೆ ನಡೆಯುತ್ತದೆ. ಆ ಎಂಟರಲ್ಲಿ ಪ್ರತಿಯೊಬ್ಬರಿಗೂ ತಗಲುವುದು ಪ್ರತಿಯೊಂದಕ್ಕೆ ಒಂದೇ ರೂಪಾಯಿ. ಈ ಲೆಕ್ಕವನ್ನು ಅವರ ಮುಂದೆ ಮುಚ್ಚುಮರೆಯಿಲ್ಲದೆ ಇಡಬೇಕು. ಮುದ್ರಿಸುವುದು ಐದುನೂರು ಪ್ರತಿ, ಹೇಳುವುದು ಎರಡು ಸಾವಿರ ಎಂದಾಗಬಾರದು. ಪ್ರಸಾರದ ಸಂಖ್ಯೆಯನ್ನು ಪರೀಕ್ಷಿಸಲೆಂದೇ 1948ರಲ್ಲಿ ದೇಶದಲ್ಲಿ ಆಡಿಟ್ ಬ್ಯೂರೋ ಆಫ್ ಸರ್ಕ್ಯುಲೇಶನ್ಸ್ ಸ್ಥಾಪನೆಯಾಯಿತು. ಸಣ್ಣ ಪತ್ರಿಕೆಗೆ ಅದರ ಬದಲು ಸಂಪಾದಕನ ಪ್ರಾಮಾಣಿಕತೆಯೇ ಪರೀಕ್ಷಕ.

ಎರಡನೆಯದಾಗಿ, ನಮ್ಮ ಓದುಗ ಯಾರೆಂಬುದನ್ನು ಹೇಳಬಲ್ಲವರಾಗಬೇಕು. ಅಥಣಿ, ಕಾಗವಾಡ, ಜತ್ತದ ಕನ್ನಡಿಗರು ಔಷಧೋಪಚಾರಕ್ಕೆ ಮಿರಜಕ್ಕೆ ಬರುತ್ತಾರೆ. ಅಲ್ಲಿನ ಆಸ್ಪತ್ರೆಗಳಲ್ಲಿ ಕನ್ನಡ ಫಲಕಗಳು ಕಾಣುವುದು ಭಾಷಾಪ್ರೇಮಕ್ಕಾಗಿ ಅಲ್ಲ, ರೋಗಿಗೆ ದಾರಿ ತಿಳಿಯಲೆಂದು. ಸಾಂಗಲಿಯ ಅರಿಷಿಣಕ್ಕೆ 2018ರಲ್ಲಿ, ಮಿರಜದ ಸಿತಾರ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಧಾರವಾಡದ ಸಂಗೀತ ವಿದ್ಯಾರ್ಥಿಗೆ ತಂಬೂರಿ ಬೇಕು, ಮಿರಜದ ಕುಶಲಕರ್ಮಿಗೆ ಗಿರಾಕಿ ಬೇಕು. ಇವರಿಬ್ಬರ ನಡುವೆ ನಿಲ್ಲಬಲ್ಲ ಕನ್ನಡ ಹಾಳೆಗೆ ಬೆಲೆಯುಂಟು. ಮರಾಠಿಯ ವ್ಯಾಪಾರಿಗೆ ಕನ್ನಡದಲ್ಲಿ ಜಾಹೀರಾತು ಬರೆದುಕೊಡಬಲ್ಲವರು ಎರಡೂ ನುಡಿ ಬಲ್ಲ ನೀವಲ್ಲದೆ ಇನ್ನಾರು? ನಾಲ್ಕು ಸಾಲಿನಲ್ಲಿ ಸರಕು, ಸ್ಥಳ, ಬೆಲೆ, ಉಪಯೋಗಗಳನ್ನು ಸ್ಪಷ್ಟವಾಗಿ ಬರೆಯುವುದು ಗದ್ಯದ ಕಠಿಣ ಅಭ್ಯಾಸವೇ ಸರಿ.

ಇಲ್ಲೊಂದು ಆಕ್ಷೇಪ ಸಹಜ. ಗಾಂಧೀಜಿಯವರ 'ಇಂಡಿಯನ್ ಒಪಿನಿಯನ್' 1912ರಲ್ಲಿ ಜಾಹೀರಾತುಗಳನ್ನು ಕೈಬಿಟ್ಟಿತು. ಕನ್ನಡದಲ್ಲಿ 1980ರಲ್ಲಿ ಆರಂಭವಾದ 'ಲಂಕೇಶ್ ಪತ್ರಿಕೆ' ಜಾಹೀರಾತನ್ನು ನಿರಾಕರಿಸಿ ಓದುಗರ ಬಲದಿಂದಲೇ ನಡೆಯಿತು. ಗಳಗನಾಥರು ತಮ್ಮ ಪುಸ್ತಕಗಳನ್ನು ಹೊತ್ತು ಊರೂರು ತಿರುಗಿ ಮಾರಿದರು. ಇವರ ದಾರಿ ದೊಡ್ಡದು ಎಂಬುದರಲ್ಲಿ ಸಂಶಯವಿಲ್ಲ. ಅಧಿಕಾರಸ್ಥರನ್ನು ಎದುರುಹಾಕಿಕೊಳ್ಳುವುದೇ ಪತ್ರಿಕೆಯ ಮುಖ್ಯ ಕೆಲಸವಾದಾಗ ಆ ದಾರಿ ಅನಿವಾರ್ಯ. ಆದರೆ ಅದಕ್ಕೆ ದೊಡ್ಡ ಓದುಗವರ್ಗ ಬೇಕು, ಇಲ್ಲವೆ ಒಬ್ಬ ವ್ಯಕ್ತಿಯ ಜೀವಮಾನದ ತ್ಯಾಗ ಬೇಕು. ಕೆಲವೇ ನೂರು ಮನೆಗಳನ್ನು ಮುಟ್ಟುವ ಗಡಿಭಾಗದ ಪತ್ರಿಕೆ ಪ್ರತಿ ತಲೆಮಾರಿನಲ್ಲೂ ಒಬ್ಬ ತ್ಯಾಗಿಗಾಗಿ ಕಾಯುತ್ತ ಕೂಡಲಾಗದು. ಅವರಿಂದ ನಾವು ಕಲಿಯಬೇಕಾದುದು ಇಷ್ಟು: ಮೊದಲ ಭಾರವನ್ನು ಓದುಗನ ಚಂದಾ ಹೊರಬೇಕು; ಜಾಹೀರಾತು ಹೆಗಲು ಕೊಡಬೇಕು.

ಆದಾಯಕ್ಕೆ ಗೆರೆಯೂ ಬೇಕು. ರೋಗಗಳನ್ನು ಪವಾಡದಂತೆ ಗುಣಪಡಿಸುವೆವೆಂಬ ಪ್ರಕಟಣೆಗಳನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆ ತಡೆಯುತ್ತದೆ. ವೈದ್ಯರು ಜಾಹೀರಾತಿನ ಮೂಲಕ ರೋಗಿಗಳನ್ನು ಆಹ್ವಾನಿಸುವುದನ್ನು ವೃತ್ತಿನಿಯಮ ಒಪ್ಪುವುದಿಲ್ಲ. ದವಾಖಾನೆ ತೆರೆದ, ವಿಳಾಸ ಬದಲಾದಂಥ ಸೂಚನೆಗಳಿಗೆ ಮಾತ್ರ ಅವಕಾಶ. ವೈದ್ಯರ ಊರೆನಿಸಿದ ಮಿರಜದ ನೆರೆಯಲ್ಲಿ ಪತ್ರಿಕೆ ಮಾಡುವವರು ಇದನ್ನು ತಿಳಿದಿರಲೇಬೇಕು. ಕಾಯಿದೆಗಿಂತ ಮುಖ್ಯವಾದ ಗೆರೆ ಇನ್ನೊಂದಿದೆ: ಹಣ ಪಡೆದು ಬರೆದುದನ್ನು ಲೇಖನದ ವೇಷದಲ್ಲಿ ಅಚ್ಚು ಹಾಕಬಾರದು. 'ಜಾಹೀರಾತು' ಎಂದು ಮೇಲೆ ಬರೆದರೆ ಜಾಹೀರಾತಿಗೂ ಮಾನ, ಲೇಖನಕ್ಕೂ ಮಾನ. ಓದುಗನ ನಂಬಿಕೆ ಒಮ್ಮೆ ಹೋದರೆ ಓದುಗನೂ ಹೋಗುತ್ತಾನೆ, ಅವನ ಹಿಂದೆ ಜಾಹೀರಾತುದಾರನೂ ಹೋಗುತ್ತಾನೆ. ನೀತಿ ಮತ್ತು ಲಾಭ ಇಲ್ಲಿ ಬೇರೆ ಬೇರೆ ದಾರಿ ಹಿಡಿಯುವುದಿಲ್ಲ.

ಅಂತರಜಾಲದ ಕಾಲದಲ್ಲಿ ಈ ಮಾತೆಲ್ಲ ಹಳತಾಯಿತೆಂದು ನಿಮ್ಮಲ್ಲಿ ಕೆಲವರು ಹೇಳಬಹುದು. ಅಲ್ಲಿ ಜಾಹೀರಾತನ್ನು ಯಂತ್ರವೇ ಆರಿಸುತ್ತದೆ. ಯಾರು ಕೊಟ್ಟರು ಎಂಬುದು ಬರೆದವನಿಗೆ ತಿಳಿಯದು. ಲೆಕ್ಕ ಸಾವಿರ ನೋಟಗಳಿಗೆ ಇಷ್ಟೆಂದು. ಲಕ್ಷಾಂತರ ಜನ ನೋಡುವವರಿಗೆ ಆ ವ್ಯವಸ್ಥೆ ಒಗ್ಗುತ್ತದೆ. ನೋಟ ಹೆಚ್ಚಿಸಲು ಶೀರ್ಷಿಕೆಯನ್ನು ಉಬ್ಬಿಸುವ ಚಪಲವೂ ಅಲ್ಲೇ ಹುಟ್ಟುತ್ತದೆ. ಸಣ್ಣ ಓದುಗವರ್ಗದವನಿಗೆ ಅಲ್ಲಿಯೂ ಲಾಭ ತರುವುದು ಹಳೆಯ ದಾರಿಯೇ: ತನ್ನ ಓದುಗನನ್ನು ಬಲ್ಲ, ಆ ಓದುಗನಿಗೆ ಬೇಕಾದವನನ್ನು ತಾನೇ ಹೋಗಿ ಕಂಡು ಮಾತಾಡಿದ ಜಾಹೀರಾತು.

ಕೊನೆಯದಾಗಿ ಒಂದು ಮಾತು. ಒಂದು ಭಾಷೆಯಲ್ಲಿ ಕವಿತೆ ಬರೆಯುವವರಿದ್ದಾರೆ ಎಂಬುದು ಆ ಭಾಷೆ ಪ್ರೀತಿಸಲ್ಪಡುತ್ತಿದೆ ಎಂಬುದಕ್ಕೆ ಸಾಕ್ಷಿ. ಆ ಭಾಷೆಯಲ್ಲಿ ಜಾಹೀರಾತು ಕೊಡುವವರಿದ್ದಾರೆ ಎಂಬುದು ಅದು ಬಳಕೆಯಲ್ಲಿದೆ, ಅದನ್ನಾಡುವವರನ್ನು ಪೇಟೆ ಲೆಕ್ಕಕ್ಕೆ ಹಿಡಿದಿದೆ ಎಂಬುದಕ್ಕೆ ಸಾಕ್ಷಿ. ಗಡಿಯಲ್ಲಿ ನಮಗೆ ಎರಡೂ ಸಾಕ್ಷಿಗಳು ಬೇಕು. ಮುಂದಿನ ಸಲ ಮಿರಜದ ಪೇಟೆಗೆ ಹೋದಾಗ ಕನ್ನಡದಲ್ಲಿ ಕೇಳಿ, ಕನ್ನಡದಲ್ಲಿ ಕೊಂಡುಕೊಳ್ಳಿ. ಅಂಗಡಿಕಾರರಿಗೆ ಅವರ ಸರಕಿನ ನಾಲ್ಕು ಸಾಲನ್ನು ಕನ್ನಡದಲ್ಲಿ ಬರೆದು ತೋರಿಸಿ, ದರ ಹೇಳಿ. ಕೈಮುಗಿದು ಕೇಳಬೇಕಾಗಿಲ್ಲ. ನೀವು ಅಲ್ಲಿಗೆ ಹೋಗಿರುವುದು ವರ್ಗಣಿ ಎತ್ತಲು ಅಲ್ಲ.